ಒಲೆಯ ಮೇಲೆ ಕರಗಿದ ಸೀಸ: ಅಮೆರಿಕದ ಜಿಂಕೆಬೇಟೆ ಮತ್ತು ಮನೆಯ ಗುಂಡೆರಕ

1776ರ ಜುಲೈ 9ರಂದು ನ್ಯೂಯಾರ್ಕ್ ನಗರದಲ್ಲಿ ಸ್ವಾತಂತ್ರ್ಯಘೋಷಣೆಯನ್ನು ಸೈನಿಕರ ಮುಂದೆ ಓದಲಾಯಿತು. ಅದನ್ನು ಕೇಳಿದ ಜನ ಬೌಲಿಂಗ್ ಗ್ರೀನ್ ಎಂಬಲ್ಲಿದ್ದ ಮೂರನೆಯ ಜಾರ್ಜ್ ದೊರೆಯ ಅಶ್ವಾರೂಢ ಪ್ರತಿಮೆಗೆ ಹಗ್ಗ ಬಿಗಿದು ಉರುಳಿಸಿದರು. ಲಂಡನ್ನಿನ ಶಿಲ್ಪಿ ಜೋಸೆಫ್ ವಿಲ್ಟನ್ ನಿರ್ಮಿಸಿದ್ದ, 1770ರಲ್ಲಿ ಸ್ಥಾಪಿತವಾದ ಆ ಪ್ರತಿಮೆ ಹೊರಗೆ ಚಿನ್ನದ ಲೇಪ ಹೊತ್ತಿದ್ದರೂ ಒಳಗೆಲ್ಲ ಸೀಸವೇ ಆಗಿತ್ತು. ಅದರ ತುಂಡುಗಳಲ್ಲಿ ಬಹುಪಾಲು ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡ್ ಊರಿನ ಆಲಿವರ್ ವೋಲ್ಕಾಟ್ ಎಂಬ ಮುಖಂಡನ ಮನೆಯನ್ನು ಸೇರಿದವು. ಅಲ್ಲಿ ಹೆಂಗಸರು ಮಕ್ಕಳು ಕುಳಿತು ದೊರೆಯನ್ನೂ ಕುದುರೆಯನ್ನೂ ಕರಗಿಸಿ ಗುಂಡುಗಳನ್ನು ಎರಕ ಹೊಯ್ದರು. ವೋಲ್ಕಾಟ್ ಬರೆದಿಟ್ಟ ಲೆಕ್ಕದ ಪ್ರಕಾರ ಅವುಗಳ ಸಂಖ್ಯೆ 42,088. ಮಗಳು ಲಾರಾ 8,378, ಅವಳ ತಂಗಿ ಮೇರಿ ಆನ್ 10,790, ಚಿಕ್ಕ ಹುಡುಗ ಫ್ರೆಡರಿಕ್ 936 ಗುಂಡುಗಳನ್ನು ಮಾಡಿದ್ದರು.

ಈ ಘಟನೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ ರಾಜಕೀಯ ವ್ಯಂಗ್ಯದ ನಿದರ್ಶನವೆಂದು ಉಲ್ಲೇಖಿಸುತ್ತಾರೆ. ಆದರೆ ಇದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಸಾವಿರಾರು ಗುಂಡುಗಳನ್ನು ಸಿದ್ಧಪಡಿಸಲು ಅಲ್ಲಿ ಕಾರ್ಖಾನೆಯಾಗಲಿ ನುರಿತ ಕಮ್ಮಾರರಾಗಲಿ ಬೇಕಾಗಲಿಲ್ಲ. ಮೇಣದ ಬತ್ತಿ ಎರೆಯುವಂತೆ, ಸಾಬೂನು ಕಾಯಿಸುವಂತೆ ಗುಂಡೆರೆಯುವುದೂ ಆ ಕಾಲದ ಮನೆವಾರ್ತೆಯ ಕೆಲಸವಾಗಿತ್ತು. ಯುದ್ಧ ಆ ಕೌಶಲವನ್ನು ಬಳಸಿಕೊಂಡಿತು. ಅದನ್ನು ದಿನನಿತ್ಯ ಜೀವಂತವಾಗಿರಿಸಿದ್ದು ಬೇಟೆ. ಅದರಲ್ಲಿಯೂ ಮಾಂಸ ಮತ್ತು ಚರ್ಮ ಎರಡನ್ನೂ ಒದಗಿಸುತ್ತಿದ್ದ ಬಿಳಿಬಾಲದ ಜಿಂಕೆಯ ಬೇಟೆ.

ಗುಂಡೆರಕ ಮನೆಯಲ್ಲಿ ಉಳಿಯುವುದಕ್ಕೆ ಕೋವಿಯ ಸ್ವರೂಪವೇ ಒಂದು ಕಾರಣ. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಮುಂತಾದೆಡೆ ನೆಲೆಸಿದ ಜರ್ಮನ್ ಮೂಲದ ಕುಶಲಕರ್ಮಿಗಳು ಉದ್ದ ನಳಿಗೆಯ ರೈಫಲ್ಲನ್ನು ರೂಪಿಸಿದರು. ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳಿದ್ದು, ಹೊರಚಿಮ್ಮುವ ಗುಂಡು ತಿರುಗುತ್ತ ನೇರವಾಗಿ ಸಾಗುತ್ತಿತ್ತು. ಕೈಯಿಂದ ಕೊರೆದ ನಳಿಗೆಗಳಾದ್ದರಿಂದ ಒಂದರ ಅಳತೆ ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ಆದಕಾರಣ ಕೋವಿ ಮಾಡಿದವನೇ ಆ ಕೋವಿಗೆ ತಕ್ಕ ಗುಂಡಿನ ಅಚ್ಚನ್ನೂ ಮಾಡಿಕೊಡುತ್ತಿದ್ದನು. ನಳಿಗೆಗಿಂತ ತುಸು ಸಣ್ಣದಾದ ಗುಂಡನ್ನು ಕೊಬ್ಬು ಸವರಿದ ಬಟ್ಟೆಯ ತುಣುಕಿನಲ್ಲಿ ಸುತ್ತಿ ಮದ್ದಿನ ಮೇಲೆ ಗಜದಿಂದ ದೂಡಬೇಕಿತ್ತು. ಅರ್ಧ ಅಂಗುಲ ಬಾಯಿಯ ಕೋವಿಗಾದರೆ ಒಂದು ಪೌಂಡ್ ಸೀಸದಲ್ಲಿ ಸುಮಾರು 40 ಗುಂಡುಗಳಾಗುತ್ತಿದ್ದವು.

ಎರಡನೆಯ ಕಾರಣ ಲೋಹದ ಗುಣ. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಕಬ್ಬಿಣವನ್ನು ಕರಗಿಸಲು ಕುಲುಮೆ ಬೇಕು. ಸೀಸಕ್ಕೆ ಅಡುಗೆಯ ಬೆಂಕಿ ಸಾಕು. ಕಬ್ಬಿಣದ ಪಾತ್ರೆಯಲ್ಲಿ ಕರಗಿದ ಸೀಸಕ್ಕೆ ಚೂರು ಮೇಣವನ್ನೋ ಕೊಬ್ಬನ್ನೋ ಹಾಕಿ ಕಲಕಿದರೆ ಕಿಟ್ಟ ಮೇಲೆ ತೇಲುತ್ತದೆ. ಅದನ್ನು ತೆಗೆದು, ಇಕ್ಕಳದಂತೆ ತೆರೆದು ಮುಚ್ಚುವ ಅಚ್ಚಿನೊಳಕ್ಕೆ ಸೌಟಿನಿಂದ ಸುರಿಯುತ್ತಿದ್ದರು. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಅಂಥ ಗುಂಡು ಗುರಿ ತಪ್ಪುವುದರಿಂದ ಮೊದಲ ಕೆಲವನ್ನು ಮತ್ತೆ ಪಾತ್ರೆಗೇ ಹಾಕಬೇಕಾಗುತ್ತಿತ್ತು. ಸುರಿದ ಕಡೆ ಉಳಿದ ಬಾಲವನ್ನು ಕತ್ತರಿಸಿ ಅದನ್ನೂ ಕರಗಿಸುತ್ತಿದ್ದರು. ಗುರಿಯ ಪಂದ್ಯಗಳಲ್ಲಿ ಮರಕ್ಕೆ ನಾಟಿದ ಸೀಸವನ್ನು ಕೆತ್ತಿ ತೆಗೆಯುವ ರೂಢಿಯಿತ್ತೆಂಬುದು ಈ ಲೋಹದ ಬೆಲೆಯನ್ನು ಸೂಚಿಸುತ್ತದೆ.

1807ರಲ್ಲಿ ವರ್ಜೀನಿಯದ ಸೀಸದ ಗಣಿಗಳ ಸಮೀಪ, ನ್ಯೂ ನದಿಯ ದಡದಲ್ಲಿ ಕಲ್ಲಿನ ಗೋಪುರವೊಂದು ಪೂರ್ಣಗೊಂಡಿತು. ಅದರ ತುದಿಯಲ್ಲಿ ಕರಗಿದ ಸೀಸವನ್ನು ಜರಡಿಯ ಮೂಲಕ ಹರಿಯಬಿಟ್ಟರೆ, ನೆಲದೊಳಗಿನ ಬಾವಿಯೂ ಸೇರಿ ಸುಮಾರು 150 ಅಡಿ ಬೀಳುವಷ್ಟರಲ್ಲಿ ಹನಿಗಳು ದುಂಡಗಾಗಿ ಕೆಳಗಿನ ನೀರಿನಲ್ಲಿ ಗಟ್ಟಿಯಾಗುತ್ತಿದ್ದವು. ಹೀಗೆ ಹಕ್ಕಿ ಹೊಡೆಯುವ ಚರೆಯ ತಯಾರಿಕೆ ಗೋಪುರಕ್ಕೆ ಏರಿತು. ಜಿಂಕೆ ಹೊಡೆಯುವ ಒಂಟಿ ಗುಂಡು ಮಾತ್ರ ಇನ್ನೂ ಬಹುಕಾಲ ಒಲೆಯ ಬಳಿಯಲ್ಲಿಯೇ ಉಳಿಯಿತು.

ಈ ಪದ್ಧತಿಯ ಅತ್ಯಂತ ಜಾಣ ಪ್ರಯೋಗ ಕಂಡುಬರುವುದು ಲೂಯಿಸ್ ಮತ್ತು ಕ್ಲಾರ್ಕ್ ಅವರ ಅನ್ವೇಷಣಯಾತ್ರೆಯಲ್ಲಿ. ಮೆರಿವೆದರ್ ಲೂಯಿಸ್ ಮದ್ದನ್ನು ಮರದ ಪೀಪಾಯಿಗಳಲ್ಲಿ ಒಯ್ಯದೆ, ಸೀಸದಿಂದಲೇ ಮಾಡಿದ 52 ಡಬ್ಬಿಗಳಲ್ಲಿ ತುಂಬಿಸಿದನು. ಒಂದೊಂದು ಡಬ್ಬಿಯ ತೂಕ 8 ಪೌಂಡ್, ಒಳಗಿನ ಮದ್ದು 4 ಪೌಂಡ್. ನದಿಯಲ್ಲಿ ಮುಳುಗಿದರೂ ಮದ್ದು ನೆನೆಯುತ್ತಿರಲಿಲ್ಲ. ಮದ್ದು ತೀರಿದಾಗ ಬರಿದಾದ ಡಬ್ಬಿಯನ್ನೇ ಕರಗಿಸಿ ಗುಂಡು ಮಾಡಿಕೊಳ್ಳಬಹುದಿತ್ತು. ತಂಡದ ಸಾರ್ಜೆಂಟ್ ಪ್ಯಾಟ್ರಿಕ್ ಗ್ಯಾಸ್ ತನ್ನ ದಿನಚರಿಯಲ್ಲಿ ಕೊಟ್ಟ ಲೆಕ್ಕದಂತೆ, 1805ರ ಡಿಸೆಂಬರ್‌ನಿಂದ 1806ರ ಮಾರ್ಚ್‌ವರೆಗಿನ ಚಳಿಗಾಲವೊಂದರಲ್ಲಿಯೇ ಅವರು 131 ಎಲ್ಕ್‌ಗಳನ್ನೂ 20 ಜಿಂಕೆಗಳನ್ನೂ ಕೊಂದಿದ್ದರು.

ಆದರೆ ಸೀಸ ಸ್ವಾವಲಂಬನೆಯನ್ನಷ್ಟೇ ತರಲಿಲ್ಲ, ಪರಾಧೀನತೆಯನ್ನೂ ತಂದಿತು. 1699ರಿಂದ 1715ರ ಅವಧಿಯಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ವರ್ಷಕ್ಕೆ ಸರಾಸರಿ 54,000 ಜಿಂಕೆಚರ್ಮಗಳು ಇಂಗ್ಲೆಂಡಿಗೆ ಹೋದವು. ಅವುಗಳಲ್ಲಿ ಹೆಚ್ಚಿನವು ಮೂಲನಿವಾಸಿಗಳ ಬೇಟೆಯ ಫಲ. ಬಿಲ್ಲುಬಾಣಗಳನ್ನು ಬೇಟೆಗಾರ ತನ್ನ ಕಾಡಿನಿಂದಲೇ ಪಡೆಯುತ್ತಿದ್ದ. ಕೋವಿ ಹಿಡಿದ ಮೇಲೆ ಮದ್ದಿಗೂ ಸೀಸಕ್ಕೂ ವ್ಯಾಪಾರಿಯ ಬಳಿಗೆ ಹೋಗಬೇಕಾಯಿತು. ಅವನ್ನು ಕೊಳ್ಳಲು ಇನ್ನಷ್ಟು ಜಿಂಕೆಗಳನ್ನು ಕೊಲ್ಲಬೇಕಾಯಿತು. ಗಂಡುಜಿಂಕೆಯನ್ನು ಸೂಚಿಸುವ ‘ಬಕ್’ ಎಂಬ ಪದ ಡಾಲರಿಗೆ ಆಡುಮಾತಿನ ಹೆಸರಾಗಿರುವುದನ್ನು ಈ ವಿನಿಮಯದೊಂದಿಗೆ ಜೋಡಿಸುವುದುಂಟು. ಆವಾಸನಾಶವೂ ಮಾರುಕಟ್ಟೆಯ ಬೇಟೆಯೂ ಸೇರಿ, 1900ರ ವೇಳೆಗೆ ಬಿಳಿಬಾಲದ ಜಿಂಕೆಗಳು ಸುಮಾರು ಐದು ಲಕ್ಷಕ್ಕೆ ಇಳಿದಿದ್ದವೆಂದು ಅಂದಾಜಿಸಲಾಗಿದೆ. ಅದೇ ವರ್ಷ ಬಂದ ಲೇಸಿ ಕಾಯಿದೆ ಮತ್ತು ರಾಜ್ಯಗಳ ನಿರ್ಬಂಧಗಳಿಂದ ಅವು ಮತ್ತೆ ಹೆಚ್ಚಿದವು.

ಕಾರ್ಖಾನೆಯ ತೋಟಾಗಳು ಬಂದ ಮೇಲೆ ಗುಂಡೆರಕ ಅನಿವಾರ್ಯತೆಯಿಂದ ಹವ್ಯಾಸಕ್ಕೆ ಇಳಿಯಿತು. ಸೀಸ ಮಾತ್ರ ತನ್ನ ಗುಣವನ್ನು ಬಿಡಲಿಲ್ಲ. ಮೆತ್ತನೆಯ ಲೋಹವಾದ್ದರಿಂದ ಅದು ಪ್ರಾಣಿಯ ದೇಹವನ್ನು ಹೊಕ್ಕಾಗ ಹಿಗ್ಗುತ್ತದೆ, ವೇಗ ಹೆಚ್ಚಿದಂತೆ ಸಣ್ಣ ಚೂರುಗಳಾಗಿ ಸಿಡಿಯುತ್ತದೆ. ಬೇಟೆಗಾರ ಮಾಂಸವನ್ನು ಒಯ್ದು ಕರುಳನ್ನು ಕಾಡಿನಲ್ಲಿಯೇ ಬಿಡುತ್ತಾನೆ. ಅದನ್ನು ತಿನ್ನುವ ಹದ್ದುಗಳ ರಕ್ತಕ್ಕೆ ಸೀಸ ಸೇರುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯ ಕಾಂಡೋರ್ ಎಂಬ ಬೃಹತ್ ರಣಹದ್ದುಗಳಲ್ಲಿ ಉಳಿದಿದ್ದ 27 ಹಕ್ಕಿಗಳನ್ನಷ್ಟೇ ಸೆರೆಯಲ್ಲಿಟ್ಟು ಸಂತತಿಯನ್ನು ಕಾಪಾಡಬೇಕಾಯಿತು. ಮತ್ತೆ ಬಯಲಿಗೆ ಬಿಟ್ಟ ಹಕ್ಕಿಗಳ ಸಾವಿಗೂ ಸೀಸದ ವಿಷವೇ ಪ್ರಮುಖ ಕಾರಣವಾಗಿದೆ. ಕ್ಯಾಲಿಫೋರ್ನಿಯ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈನಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು.

ಜೈನ ಆಚಾರಶಾಸ್ತ್ರವನ್ನು ಬಲ್ಲವರಿಗೆ ಈ ಇತಿಹಾಸ ಒಂದು ವಿಚಿತ್ರ ಸಮಸ್ಯೆಯನ್ನು ಮುಂದಿಡುತ್ತದೆ. ಬೇಟೆ ಸಪ್ತವ್ಯಸನಗಳಲ್ಲೊಂದು ಎಂಬುದು ಸುಪರಿಚಿತ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಮುಂದೆ ಹೋಗಿ, ಹಿಂಸೆಯ ಉಪಕರಣಗಳನ್ನು ಒದಗಿಸುವುದನ್ನು ‘ಹಿಂಸಾದಾನ’ವೆಂದು ಹೆಸರಿಸಿ ಅನರ್ಥದಂಡಗಳಲ್ಲಿ ಸೇರಿಸುತ್ತದೆ. ಆ ದೃಷ್ಟಿಯಲ್ಲಿ ಅಚ್ಚು ಹಿಡಿದವರ ಪಾಲೂ ಕೋವಿ ಹಿಡಿದವರ ಪಾಲಿನೊಂದಿಗೆ ಲೆಕ್ಕಕ್ಕೆ ಬರುತ್ತದೆ. ಆದರೆ ಕಾಂಡೋರ್‌ನ ಸಾವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯಲ್ಲಿ ಅರಸನು ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಅಲ್ಲಿ ಕೋಳಿ ಸಾಯದಿದ್ದರೂ ಸಂಕಲ್ಪವೇ ಭವಭವಗಳ ಯಾತನೆಗೆ ಕಾರಣವಾಗುತ್ತದೆ. ಇಲ್ಲಿ ಅದರ ವಿಪರ್ಯಯವಿದೆ: ಹದ್ದನ್ನು ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ, ಹದ್ದು ಸತ್ತಿತು. ಸಂಕಲ್ಪವಿಲ್ಲದೆ ನಡೆಯುವ ಇಂಥ ಹಿಂಸೆಯ ಮೂಲವನ್ನು ಶಾಸ್ತ್ರಕಾರರು ‘ಪ್ರಮಾದ’ ಎಂಬ ಪದದಲ್ಲಿ ಹಿಡಿದಿದ್ದಾರೆ. ಸೀಸ ವಿಷವೆಂದು ತಿಳಿಯದ ಕಾಲದಲ್ಲಿ ಅದು ಅಜ್ಞಾನವಾಗಿದ್ದೀತು. ತಿಳಿದ ಮೇಲೆ ಆ ಹೆಸರು ಒಪ್ಪುವುದಿಲ್ಲ.

ಲಿಚ್‌ಫೀಲ್ಡಿಗೆ ಸಾಗಿಸುವ ದಾರಿಯಲ್ಲಿ ದೊರೆಯ ಪ್ರತಿಮೆಯ ಕೆಲವು ತುಂಡುಗಳು ಕಳವಾದವು. ಅವುಗಳಲ್ಲೊಂದಾದ ಕುದುರೆಯ ಬಾಲ ಬಹುಕಾಲದ ನಂತರ ಪತ್ತೆಯಾಗಿ ಈಗ ನ್ಯೂಯಾರ್ಕಿನ ಇತಿಹಾಸ ಸಂಗ್ರಹಾಲಯದಲ್ಲಿದೆ. ಅದು ಒಲೆಗೆ ತಲುಪಲಿಲ್ಲ. ಆದ್ದರಿಂದ ಇಂದಿಗೂ ಬಾಲವಾಗಿಯೇ ಉಳಿದಿದೆ.