ನೆಲ, ನೆಲೆ, ಪೌರತ್ವ: ಕೊಂಡ ಮನೆಯ ಚರಿತ್ರೆ

1

‘ಪೌರತ್ವ’ ಎಂಬ ಪದವನ್ನು ನಾವು ಇಂದು ರಾಜ್ಯಶಾಸ್ತ್ರದ ಪರಿಭಾಷೆಯಾಗಿ ಬಳಸುತ್ತಿದ್ದರೂ ಅದರ ಮೂಲದಲ್ಲಿರುವುದು ‘ಪುರ’. ಪುರದಲ್ಲಿ ಇರುವವನು ಪೌರ. ಎಂದರೆ ವಾಸವೇ ಈ ಪದದ ಹುರುಳು, ಒಡೆತನವಲ್ಲ. ಕನ್ನಡದ ‘ಒಕ್ಕಲು’ ಎಂಬ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನೆಯಲ್ಲಿ ನೆಲೆಸುವುದು, ನೆಲವನ್ನು ಉಳುವುದು, ಊರಿನ ಕುಟುಂಬಗಳಲ್ಲಿ ಒಂದಾಗಿ ಎಣಿಕೆಗೆ ಬರುವುದು, ಈ ಮೂರು ಅರ್ಥಗಳೂ ಅದರಲ್ಲಿ ಕೂಡಿಕೊಂಡಿವೆ. ನಮ್ಮ ಶಾಸನಗಳಲ್ಲಿ ಬರುವ ‘ಅಱುವತ್ತೊಕ್ಕಲು’, ‘ಅಯ್ವತ್ತೊಕ್ಕಲು’ ಮುಂತಾದ ಪ್ರಯೋಗಗಳಲ್ಲಿ ಒಕ್ಕಲೆಂದರೆ ಬರಿಯ ಆಸ್ತಿಯ ಒಡೆಯನಲ್ಲ; ಊರಿನ ಧರ್ಮಕಾರ್ಯಕ್ಕೆ ತನ್ನ ಪಾಲನ್ನು ಸಲ್ಲಿಸುವ ಸಮುದಾಯದ ಅಂಗ.

ಈ ಮಾತನ್ನು ಪೀಠಿಕೆಯಾಗಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಕಳೆದ ನಾಲ್ಕು ದಶಕಗಳಲ್ಲಿ ಹಲವು ದೇಶಗಳು, ತಮ್ಮ ನೆಲದಲ್ಲಿ ಮನೆ ಕೊಂಡ ಪರದೇಶೀಯನಿಗೆ ವಾಸದ ಪರವಾನಗಿಯನ್ನೋ ಪೌರತ್ವವನ್ನೋ ಕೊಡುವ ಕಾನೂನುಗಳನ್ನು ಮಾಡಿದವು. ಕೆಲವು ದೇಶಗಳು ಅವನ್ನು ಹಿಂತೆಗೆದುಕೊಂಡೂ ಆಯಿತು. ಇದನ್ನು ನಮ್ಮ ಕಾಲದ ಹಣದ ಆಟವೆಂದು ಬಗೆಯುವವರುಂಟು. ಹಣಕ್ಕೆ ಪೌರತ್ವವನ್ನು ಕೊಡುವುದು ಬಹು ಹಳೆಯ ಪದ್ಧತಿ. ಹೊಸತಾದುದು ಮನೆಯನ್ನು ವಾಸದಿಂದ ಬೇರ್ಪಡಿಸಿದುದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಪ್ರಾಚೀನ ಗ್ರೀಸಿನಿಂದ ಆರಂಭಿಸಬಹುದು. ಅಥೆನ್ಸ್ ನಗರದಲ್ಲಿ ನೆಲದ ಒಡೆತನ ಪೌರರ ಹಕ್ಕಾಗಿತ್ತು. ಹೊರಗಿನಿಂದ ಬಂದು ನೆಲೆಸಿದ ‘ಮೆಟಿಕ್’ ಎಂಬ ವರ್ಗದವರು ತೆರಿಗೆ ಕೊಡುತ್ತಿದ್ದರು, ಸೈನ್ಯದಲ್ಲಿ ಸೇವೆ ಸಲ್ಲಿಸುತ್ತಿದ್ದರು, ವ್ಯಾಪಾರವನ್ನು ನಡೆಸುತ್ತಿದ್ದರು. ಆದರೆ ಹೊಲವನ್ನಾಗಲಿ ಮನೆಯನ್ನಾಗಲಿ ಕೊಳ್ಳುವಂತಿರಲಿಲ್ಲ. ನಗರಕ್ಕೆ ಉಪಕಾರ ಮಾಡಿದ ಕೆಲವರಿಗೆ ಮಾತ್ರ ಸಭೆಯ ನಿರ್ಣಯದ ಮೂಲಕ ‘ಎಂಕ್ಟೀಸಿಸ್’ ಎಂಬ ವಿಶೇಷ ಹಕ್ಕು, ಎಂದರೆ ಸ್ಥಿರಾಸ್ತಿಯನ್ನು ಹೊಂದುವ ಹಕ್ಕು, ದೊರೆಯುತ್ತಿತ್ತು. ಅಲ್ಲಿ ಮನೆಯಿಂದ ಮನ್ನಣೆ ಬರುತ್ತಿರಲಿಲ್ಲ. ಮನ್ನಣೆಯಿಂದ ಮನೆ ಬರುತ್ತಿತ್ತು.

ಈ ಕಟ್ಟಳೆ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಕ್ರಿ.ಪೂ. 4ನೆಯ ಶತಮಾನದ ಲೇವಾದೇವಿಗಾರ ಪಾಸಿಯಾನನ ವೃತ್ತಾಂತ ಸಾಕ್ಷಿ. ಗುಲಾಮನಾಗಿದ್ದು ಬಿಡುಗಡೆ ಪಡೆದ ಈತ ನಗರಕ್ಕೆ ಸಾವಿರ ಗುರಾಣಿಗಳನ್ನು ಕೊಟ್ಟು, ಇತರ ದಾನಗಳನ್ನೂ ಮಾಡಿ ಪೌರತ್ವವನ್ನು ಪಡೆದ. ಮುಂದೆ ತನ್ನ ವ್ಯವಹಾರವನ್ನು ಫಾರ್ಮಿಯೊ ಎಂಬ ತನ್ನ ಮಾಜಿ ಗುಲಾಮನಿಗೆ ಗುತ್ತಿಗೆ ಕೊಟ್ಟಾಗ ಒಂದು ತೊಡಕು ಎದುರಾಯಿತು. ಹೊಲಮನೆಗಳ ಅಡವಿನ ಮೇಲೆ ಕೊಟ್ಟ ಸಾಲಗಳನ್ನು ಇನ್ನೂ ಪೌರನಾಗದ ಫಾರ್ಮಿಯೊ ವಸೂಲು ಮಾಡುವಂತಿರಲಿಲ್ಲ. ಆದ್ದರಿಂದ ಆ ಸಾಲಗಳನ್ನು ಪಾಸಿಯಾನನೇ ತನ್ನ ಹೆಸರಿನಲ್ಲಿ ಉಳಿಸಿಕೊಳ್ಳಬೇಕಾಯಿತು. ಡೆಮಾಸ್ತನೀಸನ ನ್ಯಾಯಾಲಯದ ಭಾಷಣವೊಂದರಲ್ಲಿ ಈ ಸಂಗತಿ ಉಳಿದುಬಂದಿದೆ.

ಬೊಕ್ಕಸ ಬರಿದಾದಾಗ ಈ ಬಿಗಿ ಸಡಿಲುತ್ತಿತ್ತು. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ‘ಇಕನಾಮಿಕ’ ಎಂಬ ಗ್ರಂಥದ ಎರಡನೆಯ ಭಾಗದಲ್ಲಿ ಬಿಜಾಂಟಿಯಂ ನಗರದ ಎರಡು ಉಪಾಯಗಳ ಪ್ರಸ್ತಾಪವಿದೆ. ತಂದೆತಾಯಿಗಳಿಬ್ಬರೂ ಪೌರರಾಗಿರಬೇಕೆಂಬ ನಿಯಮವಿದ್ದ ಆ ನಗರ, ಹಣದ ಕೊರತೆ ಬಂದಾಗ, ಒಬ್ಬರು ಮಾತ್ರ ಪೌರರಾಗಿದ್ದವರು 30 ಮೀನಾ ಹಣವನ್ನು ತೆತ್ತರೆ ಪೌರರಾಗಬಹುದೆಂದು ತೀರ್ಮಾನಿಸಿತು. ನೆಲವನ್ನು ಹೊಂದುವ ಹಕ್ಕಿಲ್ಲದೆ ನೆಲದ ಅಡವಿನ ಮೇಲೆ ಸಾಲ ಕೊಟ್ಟು ಸಿಕ್ಕಿಬಿದ್ದಿದ್ದ ಪರಕೀಯರು, ಸಾಲದ ಮೂರನೆಯ ಒಂದು ಪಾಲನ್ನು ನಗರಕ್ಕೆ ಸಲ್ಲಿಸಿದರೆ ಆ ಆಸ್ತಿಯನ್ನು ಇಟ್ಟುಕೊಳ್ಳಬಹುದೆಂದೂ ವಿಧಿಸಿತು. ಸ್ವಯಂ ಅಥೆನ್ಸ್ ನಗರವೂ ಮುಂದೆ ಈ ದಾರಿಯನ್ನು ಹಿಡಿಯಿತು. ಹಣಕ್ಕಾಗಿ ಯಾರನ್ನೂ ಪೌರರನ್ನಾಗಿ ಮಾಡಿಕೊಳ್ಳಕೂಡದೆಂದು ಅಗಸ್ಟಸ್ ಚಕ್ರವರ್ತಿ ಅಥೆನ್ಸಿನವರಿಗೆ ನಿಷೇಧ ವಿಧಿಸಿದುದನ್ನು ಇತಿಹಾಸಕಾರ ಡಿಯೊ ಕ್ಯಾಸಿಯಸ್ ದಾಖಲಿಸಿದ್ದಾನೆ.

3

ಮಧ್ಯಯುಗದ ಇಟಲಿಯ ನಗರಗಳಲ್ಲಿ ಮನೆಗೂ ಪೌರತ್ವಕ್ಕೂ ಇದ್ದ ಸಂಬಂಧ ಬೇರೊಂದು ಬಗೆಯದು. ಸಿಯೆನಾ ಮೊದಲಾದ ನಗರಗಳಲ್ಲಿ ಹೊಸದಾಗಿ ಪೌರನಾಗ ಬಯಸುವವನು ನಿಗದಿಯಾದ ಬೆಲೆಯ ಮನೆಯೊಂದನ್ನು ನಗರದಲ್ಲಿ ಹೊಂದಬೇಕಾಗಿತ್ತು. ಮೇಲುನೋಟಕ್ಕೆ ಇದು ಇಂದಿನ ಯೋಜನೆಗಳ ಪೂರ್ವರೂಪದಂತೆ ಕಾಣುತ್ತದೆ. ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಮನೆ ಬೆಲೆಯಲ್ಲ, ಒತ್ತೆ. ಬಂದವನು ನಾಳೆ ಎದ್ದು ಹೋಗುವುದಿಲ್ಲ, ತೆರಿಗೆ ಕೊಡುತ್ತಾನೆ, ಕಷ್ಟಕಾಲದಲ್ಲಿ ನಗರದ ಜೊತೆ ನಿಲ್ಲುತ್ತಾನೆ ಎಂಬುದಕ್ಕೆ ನಗರ ಕೇಳಿ ಪಡೆದ ಭರವಸೆ. ವೆನಿಸ್ ನಗರವಂತೂ ವಾಸವನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಅಲ್ಲಿಯ 1305ರ ಕಾನೂನಿನಂತೆ ನಗರದೊಳಗಿನ ವ್ಯಾಪಾರದ ಹಕ್ಕುಳ್ಳ ಪೌರತ್ವಕ್ಕೆ 15 ವರ್ಷಗಳ ವಾಸವೂ, ಕಡಲ ವ್ಯಾಪಾರದ ಹಕ್ಕುಳ್ಳ ಪೌರತ್ವಕ್ಕೆ 25 ವರ್ಷಗಳ ವಾಸವೂ ಬೇಕಾಗಿದ್ದವು.

ಇದೇ ವೆನಿಸ್ ಕ್ರೀಟ್ ದ್ವೀಪಕ್ಕಾಗಿ ತುರ್ಕರೊಡನೆ ನಡೆಸಿದ ದೀರ್ಘ ಯುದ್ಧದಲ್ಲಿ ಬಳಲಿದಾಗ, 1646ರಿಂದ ಮೊದಲುಗೊಂಡು, 1,00,000 ಡ್ಯುಕಟ್ ಹಣ ಕೊಟ್ಟ ಮನೆತನಗಳನ್ನು ತನ್ನ ಕುಲೀನವರ್ಗಕ್ಕೆ ಸೇರಿಸಿಕೊಂಡಿತು. ಬಿಜಾಂಟಿಯಂ ಮಾಡಿದುದನ್ನೇ ಎರಡು ಸಾವಿರ ವರ್ಷಗಳ ಬಳಿಕ ವೆನಿಸ್ ಮಾಡಿತು. ಬೊಕ್ಕಸ ತುಂಬಿದ್ದಾಗ ಊರು ವಾಸವನ್ನು ಕೇಳುತ್ತದೆ, ಬರಿದಾದಾಗ ಹಣವನ್ನು ಕೇಳುತ್ತದೆ.

ಆಸ್ತಿಯನ್ನೂ ವಾಸವನ್ನೂ ಒಟ್ಟಿಗೆ ಬೇಡಿದ ಉದಾಹರಣೆ ನಮ್ಮ ದೇಶದಲ್ಲಿಯೇ ದೊರೆಯುತ್ತದೆ. ಜಮ್ಮು ಮತ್ತು ಕಾಶ್ಮೀರ ಸಂಸ್ಥಾನ 1927ರಲ್ಲಿ ಹೊರಡಿಸಿದ ಪ್ರಕಟಣೆ, ಹೊರಗಿನಿಂದ ಬಂದವನು ಅಪ್ಪಣೆ ಪಡೆದು ಸ್ಥಿರಾಸ್ತಿಯನ್ನು ಹೊಂದಿ, 10 ವರ್ಷ ಎಡೆಬಿಡದೆ ವಾಸಿಸಿ, ‘ರೈಯತನಾಮೆ’ ಬರೆದುಕೊಟ್ಟರೆ ಸಂಸ್ಥಾನದ ಪ್ರಜೆಗಳ ಮೂರನೆಯ ವರ್ಗಕ್ಕೆ ಸೇರಲು ಅವಕಾಶವನ್ನಿತ್ತಿತ್ತು. ಅದರ ಛಾಯೆ ಆ ರಾಜ್ಯದ ಸಂವಿಧಾನದಲ್ಲಿಯೂ ಉಳಿಯಿತು. ಕಾನೂನುಬದ್ಧವಾಗಿ ಸ್ಥಿರಾಸ್ತಿ ಪಡೆದು 1954ರ ಮೇ 14ಕ್ಕೆ ಮೊದಲು 10 ವರ್ಷಗಳಿಗೆ ಕಡಿಮೆಯಿಲ್ಲದೆ ವಾಸಿಸಿದ್ದವರನ್ನು ಅದು ಖಾಯಂ ನಿವಾಸಿಗಳೆಂದು ಮನ್ನಿಸಿತು. ಆ ವ್ಯವಸ್ಥೆ 2019ರ ಆಗಸ್ಟ್ ತಿಂಗಳಲ್ಲಿ ಕೊನೆಗೊಂಡಿತು. ಅದರ ಗುಣದೋಷಗಳ ಚರ್ಚೆ ಇಲ್ಲಿ ಅಪ್ರಸ್ತುತ. ನೆಲ ಮತ್ತು ನೆಲೆ ಎರಡನ್ನೂ ಅದು ಬೇಡಿತ್ತೆಂಬುದಷ್ಟೆ ನಮಗೆ ಮುಖ್ಯ.

4

ನೆಲವೂ ನೆಲೆಯೂ ಒಂದು ಕಡೆ, ಪೌರತ್ವ ಇನ್ನೊಂದು ಕಡೆ ಆದಾಗ ಏನಾಗುತ್ತದೆಂಬುದನ್ನು ನಾಟ್‌ಬೋಮ್ ಎಂಬಾತನ ಮೊಕದ್ದಮೆ ತಿಳಿಸುತ್ತದೆ. 1881ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈತ 1905ರಿಂದ ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ ನೆಲೆಸಿದ್ದ. ಅವನ ವ್ಯಾಪಾರ, ಆಸ್ತಿಪಾಸ್ತಿಗಳೆಲ್ಲ ಅಲ್ಲಿಯೇ ಇದ್ದವು. ಆದರೆ ಅವನು ಆ ದೇಶದ ಪೌರನಾಗಲಿಲ್ಲ. ಎರಡನೆಯ ಮಹಾಯುದ್ಧ ಆರಂಭವಾದೊಡನೆ, 1939ರ ಅಕ್ಟೋಬರಿನಲ್ಲಿ, ಗೊತ್ತುಪಡಿಸಿದ ಶುಲ್ಕ ತೆರಿಗೆಗಳನ್ನು ತೆತ್ತು ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ಪೌರತ್ವವನ್ನು ಪಡೆದ. ಅಲ್ಲಿ 3 ವರ್ಷ ವಾಸಿಸಬೇಕೆಂಬ ನಿಯಮದಿಂದ ಅವನಿಗೆ ವಿನಾಯಿತಿ ದೊರೆಯಿತು. ಗ್ವಾಟೆಮಾಲ ಅವನನ್ನು ಶತ್ರುದೇಶದವನೆಂದೇ ಪರಿಗಣಿಸಿತು. 1943ರಲ್ಲಿ ಬಂಧನವಾಯಿತು, 1949ರಲ್ಲಿ ಆಸ್ತಿ ಕೈತಪ್ಪಿತು. ಅವನ ಪರವಾಗಿ ಲಿಕ್ಟೆನ್‌ಸ್ಟೈನ್ ಹೂಡಿದ ದಾವೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ 1955ರ ಏಪ್ರಿಲ್ 6ರಂದು ತಳ್ಳಿಹಾಕಿತು. ಆತನಿಗೂ ಆ ದೇಶಕ್ಕೂ ನಿಜವಾದ ನಂಟಿಲ್ಲದಿರುವಾಗ ಆ ಪೌರತ್ವವನ್ನು ಗ್ವಾಟೆಮಾಲ ಒಪ್ಪಬೇಕಾಗಿಲ್ಲವೆಂಬುದು ತೀರ್ಪಿನ ಸಾರ. 34 ವರ್ಷ ಬಾಳಿದ ನೆಲ ಅವನನ್ನು ತನ್ನವನೆನ್ನಲಿಲ್ಲ. ತನ್ನವನೆಂದ ನೆಲದಲ್ಲಿ ಆಗ ಅವನು ಬಾಳಿರಲಿಲ್ಲ.

ಈ ತೀರ್ಪು ಬಂದು 3 ದಶಕಗಳೊಳಗೆ, ನಂಟಿನ ಪ್ರಶ್ನೆಯನ್ನೇ ಎತ್ತದ ಕಾನೂನುಗಳು ಹುಟ್ಟಿಕೊಂಡವು. ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೇವಿಸ್ ದ್ವೀಪದೇಶ 1983ರಲ್ಲಿ ಸ್ವತಂತ್ರವಾಗಿ, 1984ರಲ್ಲಿ ಬಂಡವಾಳ ಹೂಡಿದವರಿಗೆ ಪೌರತ್ವ ಕೊಡುವ ಕಾನೂನನ್ನು ಮಾಡಿತು. ಗೊತ್ತುಪಡಿಸಿದ ಮನೆಗಳನ್ನು ಕೊಳ್ಳುವುದು ಅದರ ಒಂದು ಮಾರ್ಗವಾಯಿತು. ಅಲ್ಲಿ ವಾಸಿಸಬೇಕೆಂಬ ಕಡ್ಡಾಯವಿರಲಿಲ್ಲ. ಶತಮಾನಗಳಿಂದ ಕಬ್ಬನ್ನೇ ನಂಬಿದ್ದ ಆ ದೇಶದಲ್ಲಿ ಸಕ್ಕರೆ ಉದ್ಯಮ 2005ರಲ್ಲಿ ಮುಚ್ಚಿಹೋಯಿತು. ಮರುವರ್ಷವೇ ಸಕ್ಕರೆಯ ಹೆಸರಿನ ನಿಧಿಯೊಂದನ್ನು ಸ್ಥಾಪಿಸಿ, ಅದಕ್ಕೆ ದೇಣಿಗೆ ಕೊಟ್ಟವರಿಗೂ ಪೌರತ್ವದ ಬಾಗಿಲನ್ನು ತೆರೆಯಲಾಯಿತು. ಕಬ್ಬು ಬೆಳೆಯುತ್ತಿದ್ದ ದೇಶಕ್ಕೆ ಪಾಸ್‌ಪೋರ್ಟೇ ಬೆಳೆಯಾಯಿತು.

ಯೂರೋಪಿನ ದಕ್ಷಿಣದ ದೇಶಗಳು ಸಾಲದ ಬಿಕ್ಕಟ್ಟಿನಲ್ಲಿ ಸಿಲುಕಿದಾಗ ಇದೇ ಕ್ರಮ ಅಲ್ಲಿಗೂ ಬಂದಿತು. ಪೋರ್ಚುಗಲ್ 2012ರಲ್ಲಿ 5,00,000 ಯೂರೋ ಬೆಲೆಯ ಮನೆ ಕೊಂಡವರಿಗೆ ವಾಸದ ಪರವಾನಗಿ ಕೊಡತೊಡಗಿತು. ವರ್ಷಕ್ಕೆ ಸರಾಸರಿ 7 ದಿನ ಅಲ್ಲಿದ್ದರೆ ಸಾಕಾಗುತ್ತಿತ್ತು. 2013ರಲ್ಲಿ ಸ್ಪೇನ್ ಅದೇ ಮೊತ್ತಕ್ಕೂ, ಗ್ರೀಸ್ 2,50,000 ಯೂರೋಗೂ ಇಂಥ ಪರವಾನಗಿಗಳನ್ನು ಕೊಟ್ಟವು. ಹೊಲಮನೆಯನ್ನು ಪರಕೀಯನಿಗೆ ನಿಷೇಧಿಸಿದ್ದ ಅಥೆನ್ಸ್ ಈಗ ಪರಕೀಯನು ಮನೆ ಕೊಳ್ಳಲೆಂದು ಕಾಯುವ ನಗರವಾಯಿತು. ಸೈಪ್ರಸ್ ಮತ್ತು ಮಾಲ್ಟಾ ದೇಶಗಳು ಪರವಾನಗಿಯಲ್ಲಿ ನಿಲ್ಲದೆ ಪೌರತ್ವವನ್ನೇ ಕೊಟ್ಟವು.

ಹತ್ತು ವರ್ಷಗಳಲ್ಲಿ ಗಾಳಿ ತಿರುಗಿತು. ಸೈಪ್ರಸ್ಸಿನ ಯೋಜನೆ ಅಪಕೀರ್ತಿಗೆ ಈಡಾಗಿ 2020ರ ನವೆಂಬರಿನಲ್ಲಿ ನಿಂತಿತು. ಮನೆಗಳ ಅಭಾವವನ್ನು ಮುಂದೊಡ್ಡಿ ಪೋರ್ಚುಗಲ್ 2023ರಲ್ಲಿ ಮನೆ ಖರೀದಿಯ ಮಾರ್ಗವನ್ನು ಮುಚ್ಚಿತು. ಸ್ಪೇನ್ 2025ರ ಏಪ್ರಿಲ್ 3ರಿಂದ ಇಡೀ ಯೋಜನೆಯನ್ನು ರದ್ದುಗೊಳಿಸಿತು. ಗ್ರೀಸ್ ಮುಚ್ಚಲಿಲ್ಲ, 2024ರಲ್ಲಿ ಅಥೆನ್ಸ್ ಇರುವ ಆಟಿಕಾ ಪ್ರಾಂತ್ಯವೂ ಸೇರಿದಂತೆ ಬೇಡಿಕೆ ಹೆಚ್ಚಿರುವ ಪ್ರದೇಶಗಳಲ್ಲಿ ಮೊತ್ತವನ್ನು 8,00,000 ಯೂರೋಗೆ ಏರಿಸಿತು. 2025ರ ಏಪ್ರಿಲ್ 29ರಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ಮಾಲ್ಟಾದ ಯೋಜನೆ ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ರಾಜ್ಯಕ್ಕೂ ಅದರ ಪೌರರಿಗೂ ನಡುವೆ ಇರುವ ಒಗ್ಗಟ್ಟು ಮತ್ತು ಸದ್ಭಾವದ ಸಂಬಂಧವೇ ಪೌರತ್ವದ ತಳಹದಿ. ಮೊದಲೇ ಗೊತ್ತುಮಾಡಿದ ಹಣಕ್ಕೆ ಅದನ್ನು ವಿನಿಮಯ ಮಾಡಲಾಗದು ಎಂಬುದು ಅದರ ನಿಲುವು.

5

ಈ ಚರಿತ್ರೆ ನಮಗೆ ದೂರದ್ದೆಂದು ಭಾವಿಸುವಂತಿಲ್ಲ. ಭಾರತದ ರಿಸರ್ವ್ ಬ್ಯಾಂಕ್ 2004ರಿಂದ ನಿವಾಸಿಗಳಿಗೆ ಹೊರದೇಶಕ್ಕೆ ಹಣ ಕಳುಹಿಸಲು ಉದಾರ ಅವಕಾಶವನ್ನು ಕಲ್ಪಿಸಿತು. 2015ರಿಂದ ಅದರ ಮಿತಿ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್. ಆ ಹಣದಿಂದ ಹೊರದೇಶದಲ್ಲಿ ಮನೆ ಕೊಳ್ಳಬಹುದು. ಆದರೆ ಪರವಾನಗಿಗೂ ಪೌರತ್ವಕ್ಕೂ ಇರುವ ಅಂತರವನ್ನು ಕೊಳ್ಳುವವರು ಮರೆಯಬಾರದು. ವಾಸದ ಪರವಾನಗಿಯಿಂದ ಭಾರತೀಯನ ಪೌರತ್ವಕ್ಕೆ ಭಂಗವಿಲ್ಲ. ಪರದೇಶದ ಪೌರತ್ವವನ್ನು ಇಚ್ಛೆಯಿಂದ ಪಡೆದರೆ ಮಾತ್ರ 1955ರ ಪೌರತ್ವ ಕಾಯಿದೆಯ 9ನೆಯ ಪ್ರಕರಣದಂತೆ ಇಲ್ಲಿಯ ಪೌರತ್ವ ಅಳಿದುಹೋಗುತ್ತದೆ. 2005ರಿಂದ ಜಾರಿಯಲ್ಲಿರುವ ಸಾಗರೋತ್ತರ ಭಾರತೀಯರ ಕಾರ್ಡು ಇರುವವರು ಇಲ್ಲಿ ಮನೆ ಕೊಳ್ಳಬಹುದು. ಕೃಷಿಭೂಮಿಯನ್ನು, ತೋಟವನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಉಳಿಸಿಕೊಳ್ಳಬಹುದು. ಅಥೆನ್ಸಿನ ಹಳೆಯ ಕಟ್ಟಳೆ ಒಂದು ಬಗೆಯಲ್ಲಿ ನಮ್ಮ ಹೊಲಗಳ ಬದುವಿನಲ್ಲಿ ಇನ್ನೂ ಜೀವಂತವಾಗಿದೆ.

ಇನ್ನೊಂದು ನೋಟ ಇದಕ್ಕಿಂತ ಹೃದಯಕ್ಕೆ ಹತ್ತಿರವಾದುದು. ಕರ್ನಾಟಕದ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಸಂಖ್ಯೆ ದೊಡ್ಡದು. ಅಂಗಡಿ, ಹೋಟೆಲು, ಕಟ್ಟಡ ಕಾಮಗಾರಿಗಳಲ್ಲಿ ಅವರು ತಮ್ಮ ಪ್ರಾಯವನ್ನೆಲ್ಲ ಕಳೆದರೂ ಅವರ ವಾಸ ಕೆಲಸದ ಗಂಟಿಗೆ ಕಟ್ಟಿದ್ದು. ಕೆಲಸ ಮುಗಿದರೆ ಊರಿಗೆ ಮರಳುವುದೇ ವಾಡಿಕೆ. ದುಬೈ ಆಡಳಿತ 2002ರಿಂದ ಪರದೇಶೀಯರಿಗೆ ಮನೆಗಳ ಮಾರಾಟವನ್ನು ತೆರೆದು, 2006ರ ಕಾನೂನಿನಿಂದ ಗೊತ್ತಾದ ಪ್ರದೇಶಗಳಲ್ಲಿ ಪೂರ್ಣ ಒಡೆತನಕ್ಕೆ ಅವಕಾಶ ಮಾಡಿತು. 2022ರಿಂದ ಅಲ್ಲಿ 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿಯುಳ್ಳವನಿಗೆ 10 ವರ್ಷಗಳ ವಾಸದ ಪರವಾನಗಿ ದೊರೆಯುತ್ತದೆ. ಅದು ಪೌರತ್ವವಲ್ಲ, ನಿಜ. ಆದರೂ 30 ವರ್ಷ ಅಲ್ಲಿಯೇ ಬೆವರು ಸುರಿಸಿದವನ ವಾಸಕ್ಕೆ ಇಲ್ಲದ ಭದ್ರತೆ, ಮೊನ್ನೆ ಪತ್ರಕ್ಕೆ ಸಹಿ ಮಾಡಿದವನ ಒಡೆತನಕ್ಕೆ ಇದೆ. ಗೋಡೆಯನ್ನು ಕಟ್ಟಿದವನು ಅತಿಥಿ, ಕೊಂಡವನು ನಿವಾಸಿ.

ಕೊಂಡವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಮಕ್ಕಳ ಓದಿಗೋ ನೆಮ್ಮದಿಗೋ ಕಾನೂನು ಕೊಟ್ಟ ದಾರಿಯಲ್ಲಿ ನಡೆದವರು ಅವರು. ಮಾರಿದ ದೇಶಗಳ ಕಷ್ಟವೂ ಸುಳ್ಳಲ್ಲ. ಆದರೆ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹಳೆಯ ನಗರಗಳು ಮನೆಯನ್ನು ಕೇಳಿದ್ದು ಬಾಳುವೆಯ ಒತ್ತೆಯಾಗಿ. ಇಂದಿನ ಯೋಜನೆಗಳು ಒತ್ತೆಯನ್ನು ಇಟ್ಟುಕೊಂಡು ಬಾಳುವೆಯನ್ನು ಮನ್ನಾ ಮಾಡಿದವು. ತಲೆಮಾರುಗಳಿಂದ ಮುಂಬಯಿಯಲ್ಲಿಯೋ ಹೈದರಾಬಾದಿನಲ್ಲಿಯೋ ಬಾಡಿಗೆ ಮನೆಗಳಲ್ಲಿದ್ದು ಆ ಊರುಗಳನ್ನು ತಮ್ಮದಾಗಿ ಮಾಡಿಕೊಂಡ ಕನ್ನಡಿಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಆ ಊರುಗಳಿಗೆ ಒಕ್ಕಲಾದದ್ದು ಕ್ರಯಪತ್ರದಿಂದಲ್ಲ, ಇದ್ದು ಬಾಳಿದುದರಿಂದ.