ಅಲ್ ವಕ್ರಾದ ಫಿಲಿಪಿನೋ ಅಂಗಡಿ: ಏನು ಸಿಗುತ್ತೆ, ಏನು ನೋಡಿ ತಗೋಬೇಕು

ದೋಹಾದ ದಕ್ಷಿಣಕ್ಕಿರುವ ಅಲ್ ವಕ್ರಾ ಹಿಂದೆ ಮುತ್ತು ಮತ್ತು ಮೀನಿನ ಊರು. ಈಗ ಮೆಟ್ರೋ ರೆಡ್ ಲೈನಿನ ದಕ್ಷಿಣದ ಕೊನೇ ನಿಲ್ದಾಣ. ಇಲ್ಲಿ ಕನ್ನಡಿಗರ ಪಕ್ಕದ ರೂಮಿನಲ್ಲೇ ಫಿಲಿಪಿನೋಗಳೂ ಇರುತ್ತಾರೆ. ಅವರ ದಿನಸಿ ಅಂಗಡಿಗೆ ಹೋಗಲು ನಮ್ಮವರು ಹಿಂಜರಿಯೋದು ಹೆಸರು ಗೊತ್ತಿಲ್ಲದ್ದಕ್ಕೆ ಮಾತ್ರ. ಸಾಮಾನು ಬಹಳಷ್ಟು ನಮ್ಮದೇ.

ತರಕಾರಿ

ಮಲುಂಗಾಯ್ ಅಂದರೆ ನುಗ್ಗೆಸೊಪ್ಪು. ಆಂಪಲಾಯಾ ಹಾಗಲಕಾಯಿ, ಉಪೊ ಸೋರೆಕಾಯಿ, ಸಿತಾವ್ ಉದ್ದನೆಯ ಅಲಸಂದೆ, ತಲೊಂಗ್ ಬದನೆ. ಗಾಬಿ ಎಂದರೆ ಕೆಸು. ಆದರೆ ಪೊಟ್ಟಣದಲ್ಲಿ ಬರುವ ಒಣ ಗಾಬಿ ಎಲೆ ಚೂರು ಚೂರಾಗಿರುತ್ತೆ, ಪತ್ರೊಡೆ ಸುತ್ತೋಕೆ ಆಗಲ್ಲ. ಕಮೋತೆಂಗ್ ಕಾಹೊಯ್ ಮರಗೆಣಸು. ಸಾಬಾ ಬೇಯಿಸಿ ತಿನ್ನುವ ಬಾಳೆ. ಲಾಂಗ್ಕಾ ಹಲಸು. ಸಕ್ಕರೆ ಪಾಕದ ಬಾಟಲಿಯಲ್ಲಿರೋದು ಸಿಹಿತಿಂಡಿಗೆ, ಗುಜ್ಜೆ ಪಲ್ಯಕ್ಕೆ ಅಲ್ಲ. ಗಾತಾ ತೆಂಗಿನ ಹಾಲು, ಸಾಂಪಾಲೊಕ್ ಹುಣಸೆ, ಲುಯಾ ಶುಂಠಿ, ಬಾವಾಂಗ್ ಬೆಳ್ಳುಳ್ಳಿ. ಅಚಾರಾ ಅನ್ನೋದು ಹಸಿ ಪಪ್ಪಾಯಿಯ ಸಿಹಿ-ಹುಳಿ ಉಪ್ಪಿನಕಾಯಿ. ಹೆಸರು ನಮ್ಮ ಅಚಾರ್‌ಗೆ ನೆಂಟ.

ಮೀನು

ಕರಾವಳಿಯವರಿಗೆ ಬಾಂಗುಸ್ ಹೊಸದಲ್ಲ, ಅದೇ ಹೂಮೀನು. ಮುಳ್ಳು ಜಾಸ್ತಿ, ಮುಳ್ಳು ತೆಗೆದದ್ದೂ ಫ್ರೀಜರ್‌ನಲ್ಲಿ ಸಿಗುತ್ತೆ. ದಿಲಿಸ್ ಬೊಳಂಜಿರ್‌ನಂಥ ಸಣ್ಣ ಒಣಮೀನು. ಟುಯೊ ಉಪ್ಪು ಹಾಕಿ ಒಣಗಿಸಿದ ಮೀನು, ಬೂತಾಯಿಯ ಬಳಗದ್ದು. ಟೊಯೊ ಎಂದರೆ ಸೋಯಾ ಸಾಸ್. ಒಂದು ಅಕ್ಷರ ತಪ್ಪಿದರೆ ಸಾಸ್ ಬದಲು ಒಣಮೀನು ಕೈಗೆ ಬರುತ್ತೆ. ಬಾಗೊಂಗ್ ಹುದುಗಿಸಿದ ಸಿಗಡಿ ಅಥವಾ ಮೀನು. ಉಪ್ಪು ತುಂಬಾ ಇರುತ್ತೆ, ಸಾರಿಗೆ ಹಾಕಿದ ಮೇಲೆ ರುಚಿ ನೋಡಿ ಉಪ್ಪು ಹಾಕಬೇಕು.

ಸಸ್ಯಾಹಾರಿಗಳು, ಗೋಮಾಂಸ ತಿನ್ನದವರು

ನಾಲ್ಕು ಪದ ನೆನಪಿಟ್ಟರೆ ಸಾಕು: ಬಾಕಾ ದನದ ಮಾಂಸ, ಮನೋಕ್ ಕೋಳಿ, ಇಸ್ಡಾ ಮೀನು, ಹಿಪೊನ್ ಸಿಗಡಿ. ಪಾಟಿಸ್ ನೋಡೋಕೆ ಸೋಯಾ ಸಾಸಿನಂತೆ ಇದ್ದರೂ ಮೀನಿನ ರಸ. ನೂಡಲ್ಸ್ ಪೊಟ್ಟಣದ ಮೇಲೆ ತರಕಾರಿ ಚಿತ್ರ ಇದ್ದರೂ ಮಸಾಲೆಯಲ್ಲಿ ಕೋಳಿ ಅಥವಾ ಸಿಗಡಿ ಇರಬಹುದು. ಹಿಂದಿನ ಪಟ್ಟಿ ಓದಬೇಕು. ಕತಾರಿನಲ್ಲಿ ಹಂದಿಮಾಂಸ ಸಾಮಾನ್ಯ ಅಂಗಡಿಯಲ್ಲಿ ಮಾರುವಂತಿಲ್ಲ. ಊರಿಂದ ಬ್ಯಾಗಿನಲ್ಲಿ ತರೋದೂ ನಿಷಿದ್ಧ.

ಲೆಕ್ಕ

2021ರ ಮಾರ್ಚ್ 20ರಿಂದ ಕತಾರಿನ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಮಾಲೀಕರು ವಸತಿ ಕೊಡದಿದ್ದರೆ ಇನ್ನು 500, ಊಟ ಕೊಡದಿದ್ದರೆ ಇನ್ನು 300. ಊಟದ 300 ಅಂದರೆ ದಿನಕ್ಕೆ 10 ರಿಯಾಲ್. ದಿನಕ್ಕೆ 2 ರಿಯಾಲಿನ ಒಂದು ಪೊಟ್ಟಣ ಅಂತ ಇಟ್ಟುಕೊಂಡರೂ ತಿಂಗಳಿಗೆ 60, ಭತ್ಯೆಯ ಐದನೇ ಒಂದು ಪಾಲು. ಆದ್ದರಿಂದ ನೂಡಲ್ಸ್, ಡಬ್ಬಿ ಮಾಂಸ ಅಭ್ಯಾಸವಾಗಬಾರದು. ಅಕ್ಕಿ, ಸೊಪ್ಪು, ಒಣಮೀನು ಹೆಚ್ಚು ದಿನ ಬಾಳುತ್ತವೆ. 2019ರಲ್ಲಿ ಸಿಹಿ ಸೋಡಾಗಳ ಮೇಲೆ 50%, ಎನರ್ಜಿ ಡ್ರಿಂಕ್ ಮೇಲೆ 100% ತೆರಿಗೆ ಬಂತು. ಬೆಲೆ ಏರಿಸೋದು ಅದು.

ಸಾಲಕ್ಕೆ ಅವರ ಮಾತು ಉಟಾಂಗ್, ನಮ್ಮದು ಉದ್ದರಿ. ತಿಂಗಳ ಲೆಕ್ಕದಲ್ಲಿ ತಗೊಂಡರೆ ಅಂಗಡಿಯ ಪುಸ್ತಕವನ್ನಷ್ಟೇ ನಂಬಬಾರದು. ಪ್ರತಿ ಸಲ ಮೊತ್ತವನ್ನು ತನ್ನ ಫೋನಿನಲ್ಲೂ ಬರೆದಿಟ್ಟುಕೊಂಡು, ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡಿ ದುಡ್ಡು ಕೊಟ್ಟು ರಸೀದಿ ಪಡೆಯಬೇಕು. ಊರಿಗೆ ಕಳಿಸುವ ಹಣ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಉದ್ದರಿಯ ಮಿತಿ ಹಾಕಿಕೊಳ್ಳೋದು ಜಾಣತನ.

ಬಿಲ್ ಮತ್ತು ದೂರು

ತಯಾರಿಸಿದ ದಿನ, ಮುಗಿಯುವ ದಿನ ಎರಡನ್ನೂ ನೋಡಬೇಕು. ರಿಯಾಯಿತಿ ಮೂಲೆಯಲ್ಲಿರುವ ಸಾಮಾನಿಗಂತೂ ಇನ್ನೂ ಗಮನ ಬೇಕು. ಅವಧಿ ಮುಗಿದದ್ದು ಸಿಕ್ಕರೆ ಬಿಲ್ ಇಟ್ಟುಕೊಂಡು, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ 16001ಕ್ಕೆ ಕರೆ ಮಾಡಬಹುದು. ಗ್ರಾಹಕ ರಕ್ಷಣೆಗೆ 2008ರ 8ನೇ ಕಾನೂನು ಇದೆ. ಬಿಲ್ ಇಲ್ಲದೆ ದೂರು ನಿಲ್ಲಿಸೋದು ಕಷ್ಟ.

ಕೌಂಟರಿನಲ್ಲಿ ಅಣ್ಣನಿಗೆ ಕುಯಾ, ಅಕ್ಕನಿಗೆ ಆತೆ. ಎಷ್ಟು ಅನ್ನೋಕೆ ಮಗ್ಕಾನೊ, ಧನ್ಯವಾದಕ್ಕೆ ಸಲಾಮತ್. ಇಷ್ಟು ಕಲಿತವರಿಗೆ ಯಾವ ಸೊಪ್ಪು ಇವತ್ತು ಬಂದದ್ದು, ಯಾವುದು ನಿನ್ನೆಯದು ಅಂತ ಕೇಳೋದೂ ಸುಲಭವಾಗುತ್ತೆ.