ಡಾಕ್ಟರು ಕೇಳದೇ ಬಿಟ್ಟ ಪ್ರಶ್ನೆ

ಇವತ್ತಿನ ಎಪಿಸೋಡ್ ಸ್ವಲ್ಪ ಭಾರ, ಬಾಲ್ಯದ ಹಿಂಸೆ ಬಗ್ಗೆ. ಈಗ ಬೇಡ ಅನ್ನಿಸಿದರೆ ಪಾಸ್ ಮಾಡಿ, ಆಮೇಲೆ ಕೇಳಿ.

ರೀಲ್ಸ್‌ನಲ್ಲಿ 'ಬಾರ್ಡರ್‌ಲೈನ್ ಪರ್ಸನಾಲಿಟಿ' ಅನ್ನೋ ಮಾತು ಕೇಳಿರ್ತೀರಿ. ಯಾರೋ ಬಿಟ್ಟು ಹೋಗ್ತಾರೆ ಅನ್ನೋ ಭಯ, ಗಳಿಗೆಗೊಂದು ಮನಸ್ಸು, ತನ್ನನ್ನೇ ಗಾಯ ಮಾಡ್ಕೊಳ್ಳೋದು. ಇಂಥ ರೋಗಿಗಳ ಬಗ್ಗೆ 1938ರಲ್ಲೇ ಅಡಾಲ್ಫ್ ಸ್ಟರ್ನ್ ಅನ್ನೋ ಅಮೆರಿಕದ ಮನೋವಿಶ್ಲೇಷಕ ಬರೆದಿದ್ದ. ಇವರಲ್ಲಿ ಹಲವರು ಅಪ್ಪ ಅಮ್ಮನಿಂದ ಕ್ರೌರ್ಯ, ನಿರ್ಲಕ್ಷ್ಯ ಕಂಡವರು ಅಂತಲೂ ಬರೆದಿದ್ದ.

ಆದರೆ ಆ ಮಾತಿಗೆ ಸಿಗಬೇಕಾದ ಗಮನ ಸಿಗಲಿಲ್ಲ. ಯಾಕೆ ಅಂದ್ರೆ, ಸ್ವಲ್ಪ ಹಿಂದೆ ಹೋಗಬೇಕು. 1896ರಲ್ಲಿ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ 18 ರೋಗಿಗಳನ್ನು ಮುಂದಿಟ್ಟುಕೊಂಡು, ಹಿಸ್ಟೀರಿಯಾದ ಬೇರು ಬಾಲ್ಯದ ಲೈಂಗಿಕ ದೌರ್ಜನ್ಯದಲ್ಲಿದೆ ಅಂತ ಭಾಷಣ ಮಾಡಿದ. ಮರುವರ್ಷವೇ ಗೆಳೆಯ ಫ್ಲೀಸ್‌ಗೆ ಪತ್ರ ಬರೆದು, ಅದರಲ್ಲಿ ನನಗೀಗ ನಂಬಿಕೆ ಇಲ್ಲ ಅಂದ. ಆಮೇಲೆ ಬಂದ ಎಷ್ಟೋ ವೈದ್ಯರಿಗೆ ರೋಗಿ ಹೇಳೋ ನೆನಪು ಬರೀ ಕಲ್ಪನೆ ಆಗಿಹೋಯ್ತು. ಕಲ್ಪನೆ ಅಂದ್ಮೇಲೆ ವಿಚಾರಿಸೋದು ಯಾಕೆ?

1980ರಲ್ಲಿ ಅಮೆರಿಕದ ಮನೋರೋಗ ಕೈಪಿಡಿ ಡಿಎಸ್‌ಎಮ್‌ನ ಮೂರನೇ ಆವೃತ್ತಿಗೆ ಬಾರ್ಡರ್‌ಲೈನ್ ಸೇರಿತು. ಲಕ್ಷಣಗಳ ಪಟ್ಟಿ ಬಂತು, ಕಾರಣದ ಮಾತಿಲ್ಲ.

1989ರಲ್ಲಿ ಜುಡಿತ್ ಹರ್ಮನ್ ಮತ್ತು ಸಂಗಡಿಗರು ಸೀದಾ ಕೇಳಿದರು. ಬಾರ್ಡರ್‌ಲೈನ್ ಇದ್ದ 21 ಜನರಲ್ಲಿ 81% ಮಂದಿ ಬಾಲ್ಯದ ಆಘಾತ ಹೇಳಿಕೊಂಡರು. 71% ಜನ ಹೊಡೆತ ತಿಂದವರು, 68% ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, 62% ಮನೆಯಲ್ಲಿ ನಡೆದ ಜಗಳ ಹೊಡೆದಾಟ ಕಣ್ಣಾರೆ ಕಂಡವರು.

ನಾನು ಬಿಕಾಂ ಓದಿದವನು, ವೋಚರ್ ಇಲ್ಲದ ಎಂಟ್ರಿ ಕಂಡರೆ ಕೈ ತಡೆಯುತ್ತೆ. 21 ಜನ ಅಂದ್ರೆ ಕಮ್ಮಿ. ಅದೂ ದೊಡ್ಡವರಾದ ಮೇಲೆ ನೆನಪಿಂದ ಹೇಳಿದ್ದು. ಈ ತಕರಾರು ಆಗಲೂ ಇತ್ತು.

ವೋಚರ್ ಸಿಕ್ಕಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿನ ಎರಡು ಕೌಂಟಿಗಳ 639 ಮಕ್ಕಳನ್ನೂ ಅವರ ತಾಯಂದಿರನ್ನೂ ಸಂಶೋಧಕರು 1975ರಿಂದ ಮತ್ತೆ ಮತ್ತೆ ಮಾತಾಡಿಸುತ್ತಾ ಬಂದಿದ್ದರು. ಜೆಫ್ರಿ ಜಾನ್ಸನ್ ತಂಡ ಇದರ ಜೊತೆಗೆ ಸರ್ಕಾರದ ಕಡತಗಳನ್ನೂ ತೆಗೆಸಿ ನೋಡಿತು. 1999ರಲ್ಲಿ ಫಲಿತಾಂಶ ಬಂತು: ದೌರ್ಜನ್ಯ ಅಥವಾ ನಿರ್ಲಕ್ಷ್ಯ ದಾಖಲಾಗಿದ್ದ ಮಕ್ಕಳಲ್ಲಿ ಮುಂದೆ ಪರ್ಸನಾಲಿಟಿ ಡಿಸಾರ್ಡರ್ ಕಾಣಿಸೋ ಸಾಧ್ಯತೆ 4 ಪಟ್ಟಿಗಿಂತ ಹೆಚ್ಚು. ಪೋಷಕರ ಓದು, ಅವರ ಮಾನಸಿಕ ಕಾಯಿಲೆ ಎರಡನ್ನೂ ಲೆಕ್ಕದಲ್ಲಿ ಹೊಂದಿಸಿದ ಮೇಲೂ! ನನಗೆ ನಾಟಿದ್ದು ಇನ್ನೊಂದು. ಆ ಕಡತದಲ್ಲಿ ಬರೀ ಹೊಡೆತ ಇಲ್ಲ, ನಿರ್ಲಕ್ಷ್ಯವೂ ಇದೆ. ನಿರ್ಲಕ್ಷ್ಯಕ್ಕೆ ಬಾಸುಂಡೆ ಬರಲ್ಲ ನೋಡಿ.

ಹಾಗಂತ ಪೆಟ್ಟು ತಿಂದ ಪ್ರತಿ ಮಗುವಿಗೂ ಇದು ಬರಲ್ಲ. ಬಂದವರ ಅಪ್ಪ ಅಮ್ಮ ಎಲ್ಲಾ ಕ್ರೂರಿಗಳೂ ಅಲ್ಲ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ವಂಶವಾಹಿಯ ಪಾಲೂ ಕಂಡಿದೆ. ಯಾರದೋ ಡಯಾಗ್ನೋಸಿಸ್ ನೋಡಿ ಅವರ ಮನೆಯವರ ಮೇಲೆ ತೀರ್ಪು ಕೊಡೋಕೆ ಹೋಗಬೇಡಿ, ಪ್ಲೀಸ್.

ಹರ್ಮನ್ ಅಲ್ಲಿಗೇ ನಿಲ್ಲಲಿಲ್ಲ. ದೀರ್ಘಕಾಲ ಹಿಂಸೆ ಕಂಡವರ ಸಂಕಟಕ್ಕೆ ಬೇರೆಯದೇ ಹೆಸರು ಬೇಕು ಅಂತ 1992ರಲ್ಲಿ ವಾದಿಸಿದರು: ಕಾಂಪ್ಲೆಕ್ಸ್ ಪಿಟಿಎಸ್‌ಡಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆ ಹೆಸರು ಜಾರಿಗೆ ಬಂದಿದ್ದು 2022ರಲ್ಲಿ, 30 ವರ್ಷ ಆದ್ಮೇಲೆ. ಡಿಎಸ್‌ಎಮ್‌ ಅದಕ್ಕೆ ಪ್ರತ್ಯೇಕ ಜಾಗ ಇನ್ನೂ ಕೊಟ್ಟಿಲ್ಲ.